ದೀಪ ಹಿಡಿದ ಸೊಸೆ

"ಅಜ್ಜಾರ, ಇವತ್ತಿನ ಆರತಿಯೊಳಗ ದೇವಕ್ಕವ್ವಾರು ಮತ್ತ ಎಚ್ಚರ ತಪ್ಪಿದ್ರ ನನ್ನ ಈ ವಾಡೇದಿಂದ ಹೊರಗ ಹಾಕತಾರಂತ್ರಿ."

ಅಡುಗೆಯ ಯಲ್ಲವ್ವ ಸೆರಗನ್ನು ಬಾಯಿಗಿಟ್ಟುಕೊಂಡು ನಿಂತಿದ್ದಳು. ಚಚಡಿ ಊರಿನ ಆ ದೊಡ್ಡ ವಾಡೆಯ ಮನೆಯಲ್ಲಿ ಮೂಗುತಿ ಕಳೆದರೂ ಎತ್ತು ಕಳುವಾದರೂ ಜನ ಬರುತ್ತಿದ್ದುದು ನಿಜಗುಣಪ್ಪಜ್ಜನ ಬಳಿಗೇ. ಶಿವಪೂಜೆ ಮುಗಿಸಿದರೆ ಪತ್ತೆ ಹಚ್ಚುವುದೇ ಅವನ ಕೆಲಸ. ಗೆಳೆಯ ನೀಲಪ್ಪ ಅವನ ಬೆನ್ನು ಬಿಟ್ಟವನಲ್ಲ.

ಸಂಗತಿ ನೀಲಪ್ಪನಿಗೂ ಗೊತ್ತಿತ್ತು. ಹೊಸ ಸೊಸೆ ದೇವಕ್ಕ ಸೋಮವಾರದ ಆರತಿಯಲ್ಲಿ ಪದೇ ಪದೇ ಎಚ್ಚರ ತಪ್ಪುತ್ತಿದ್ದಳು. ಕಳೆದ ವಾರವಂತೂ ತುಟಿ ಬಿಳಿಚಿ, ಕೈಕಾಲು ಸೆಳೆದು, ಬಹಳ ಹೊತ್ತು ಕಣ್ಣೇ ತೆರೆಯಲಿಲ್ಲ. ಉಪವಾಸದ ಆ ದಿನ ಅವಳು ಕುಡಿದದ್ದು ಯಲ್ಲವ್ವ ಕೊಟ್ಟ ಹಾಲೊಂದೇ. "ಮದ್ದು ಹಾಕ್ಯಾಳ," ಎಂದು ಅವಳ ಅತ್ತೆ, ಅಜ್ಜನಿಗೆ ತಂಗಿಯಾಗಬೇಕಾದ ಸೋಮವ್ವ ತೀರ್ಮಾನಿಸಿಬಿಟ್ಟಿದ್ದಳು.

ಅಜ್ಜ ದೇವಕ್ಕನನ್ನು ಕರೆಸಿದ. "ಮೊದಲ ಏನಾಗತದವ್ವಾ?"

"ಆಕಳಿಕಿ ಬರತಾವ್ರಿ ಅಜ್ಜಾರ. ಮೈ ತಣ್ಣಗ ಬೆವರತದ, ಕಿವಿ ಗುಂಯ್ ಅಂತಾವ, ಕಣ್ಣಿಗೆ ಕತ್ತಲಿ."

"ತವರಮನ್ಯಾಗ ಹಿಂಗ ಆಗಿತ್ತೇನು?"

"ಒಮ್ಮೆ ಆಗಿತ್ರಿ. ಅರಿಷಿಣದ ದಿನಾ ನಿಂತು ನಿಂತು ಬಿದ್ದಿದ್ದೆ. ಬಿದ್ದಾಕಿ ಲಗೂನ ಎದ್ದು ಕುಂತೆ."

"ಮತ್ತ ಇಲ್ಲೆ?"

"ಇಲ್ಲೆ ನಾ ಬಿದ್ದೇ ಇಲ್ರಿ. ಅತ್ತಿಯವರು ಬೀಳಾಕ ಬಿಡೂದಿಲ್ಲ."

ಅಜ್ಜ ಕಣ್ಣು ಮುಚ್ಚಿ ಶಿವಶಿವಾ ಎಂದ. ಆಮೇಲೆ ದೇವಕ್ಕನ ಪಾಲಿನ ಹಾಲಿನಲ್ಲೇ ಒಂದು ವಾಟಗ ತಾನೂ ಕುಡಿದ. ನೀಲಪ್ಪ ಖಾಲಿ ವಾಟಗ ಇಸಿದುಕೊಂಡು ಮೂಸಿ ನೋಡಿದ.

"ಅಜ್ಜಾ, ಮದ್ದಿದ್ರ?"

"ಅಳಾಕ ನೀ ಅದೀಯಲ್ಲ. ಹೋಗು, ದೇವರ ಮುಂದ ಚಾಪಿ ಹಾಸು."

ಸಂಜೆ ಮನೆಯವರೆಲ್ಲ ಸೇರಿದರು. ಹಾಡು ಮುಗಿಯುವ ತನಕ ಹೊಸ ಸೊಸೆ ಕಾಲು ಜೋಡಿಸಿ, ಜ್ಯೋತಿ ಅಲುಗದಂತೆ ದೀಪ ಹಿಡಿದು ನಿಲ್ಲಬೇಕು; ದೀಪ ಹಿಡಿದವಳು ನೆಲಕ್ಕೆ ಬಿದ್ದರೆ ಮನೆತನಕ್ಕೆ ಕೇಡು. ಅದು ಆ ಮನೆಯ ಪದ್ಧತಿ. ಹಾಡು ಏರುತ್ತಿದ್ದಂತೆ ದೇವಕ್ಕನ ಮುಖ ಸುಣ್ಣವಾಯಿತು. ನೀಲಪ್ಪ ದೀಪ ತೆಗೆದುಕೊಂಡ. ಸೋಮವ್ವ ಓಡಿ ಬಂದು ಅವಳನ್ನು ಎದೆಗವಚಿ ನಿಲ್ಲಿಸಿಕೊಂಡಳು.

"ಬಿಡು ತಂಗಿ! ಚಾಪಿ ಮ್ಯಾಲ ಮಲಗಿಸಿ ಆಕಿ ಕಾಲು ನಿನ್ನ ತೊಡಿ ಮ್ಯಾಲ ಇಟ್ಕೊ," ಅಜ್ಜ ಕೂಗಿದ.

"ಸೊಸಿ ಕಾಲು? ದೇವರ ಮುಂದ?"

ಯಾರೋ ನಾಲಿಗೆ ಕಚ್ಚಿಕೊಂಡರು. ಸೋಮವ್ವ ಆ ಬಿಳಿಚಿದ ಮುಖವನ್ನೊಮ್ಮೆ ನೋಡಿದಳು, ಕೂತಳು, ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡಳು. ಹಾಡಿನ ಮುಂದಿನ ನುಡಿಯೊಳಗೇ ದೇವಕ್ಕ ಕಣ್ಣು ಬಿಟ್ಟಳು.

ಅಜ್ಜ ಎಲ್ಲರ ಕಡೆ ತಿರುಗಿದ. "ಅದ ಹಾಲು ನಾನೂ ಕುಡದೇನಿ, ಗಟ್ಟಿ ನಿಂತೇನಿ. ಮದ್ದಲ್ಲ. ಅಲುಗದ ನಿಂತ್ರ ರಕ್ತ ಕಾಲಾಗ ಇಳೀತದ. ನಡದಾಡಿದ್ರ ಮೀನಖಂಡ ಅದನ್ನ ಹಿಂಡಿ ಮ್ಯಾಲ ನೂಕತಾವ. ಎತ್ತು ನಿಂತ್ರ ಬಾವಿ ನೀರು ಮ್ಯಾಲ ಬರತದೇನು? ಉಪವಾಸದಾಗ ನೀರೂ ಕಡಿಮಿ. ಎದಿ ಬಡಿತ ಇಳದು, ತಲಿಗೆ ರಕ್ತ ಸಾಲದ ಎಚ್ಚರ ತಪ್ಪತದ. ಆವಾಗ ಬೀಳೂದು ಶಿವಾ ಇಟ್ಟ ಉಪಾಯ. ಮೈ ನೆಲಕ್ಕ ಹತ್ತಿದ್ರ ರಕ್ತ ತಲಿ ಮುಟ್ಟತದ. ತವರಾಗ ಬಿದ್ದಾಕಿ ಲಗೂ ಎದ್ಲು. ಇಲ್ಲೆ ನಿಲ್ಲಿಸಿ ಹಿಡದ್ರಿ. ತಲಿಗೆ ರಕ್ತ ಹೋಗಲಿಲ್ಲ, ಕೈಕಾಲು ಸೆಳದ್ವು."

"ಹಂಗಾರ ಮಾಡಿದಾಕಿ ನಾನಾ?" ಸೋಮವ್ವನ ದನಿ ಒಡೆಯಿತು. "ಮಗಳಂಗ ಅವಚಿ ಹಿಡದಿದ್ನಲ್ಲೋ ಅಣ್ಣಾ!"

"ಆ ಅಕ್ಕರಿ ಮಾಯೇನ ಆಕಿನ್ನ ಬೀಳಗೊಡದ ಹಿಡದಿತ್ತು ತಂಗಿ. ಇನ್ನ ಕುಂತು ದೀಪ ಹಿಡೀಲಿ. ಶಿವಾ ಮುನಿಯೂದಿಲ್ಲ."

ದೇವಕ್ಕ ನಾಚಿ ಕಾಲು ಎಳೆದುಕೊಳ್ಳಹೋದಳು. ಸೋಮವ್ವ ಬಿಡಲಿಲ್ಲ.

"ಸುಮ್ನ ಮಲಗ, ಇನ್ನೊಂದೀಟು," ಎಂದು ಪಾದ ತಿಕ್ಕುತ್ತ, ಬಾಗಿಲಲ್ಲಿ ನಿಂತವಳತ್ತ ನೋಡಿದಳು. "ಯಲ್ಲವ್ವಾ, ಹಾಲು ತಾರವ್ವಾ. ಇಕಿಗೊಂದು ವಾಟಗ... ನನಗೊಂದು."