ಹೆಸರು ಹಿಡಿದು ಕರೆದವಳು

ತೀರ್ಥ ಮತ್ತು ತಮ್ಮಯ್ಯನ ಪರಿಚಯ ಶುರುವಾದದ್ದೇ ಜಗಳದಿಂದ. ೧೯೭೮ರ ಆಷಾಢ. ತೀರ್ಥ ಕಡೂರಿನಲ್ಲಿ ಅವತ್ತಿನ ಕಾಲೇಜು ಮುಗಿಸಿ ರೈಲಿನಲ್ಲಿ ಬಂದು ಶಿವನಿ ಸ್ಟೇಷನ್ನಿನಲ್ಲಿ ಇಳಿದರೆ, ಬೆಳಿಗ್ಗೆ ಪಂಕ್ಚರ್ ಹಾಕಲು ಕೊಟ್ಟ ಸೈಕಲ್ಲು ಇಟ್ಟಲ್ಲೇ ಇತ್ತು. ಸೈಕಲ್ ಶಾಪಿನ ತಮ್ಮಯ್ಯ ಮೊಣಕಾಲುದ್ದ ಒದ್ದೆಯಾಗಿ ಆಗಷ್ಟೇ ಬರುತ್ತಿದ್ದ.

"ದೊರೆಗಳ ಸವಾರಿ ಎಲ್ಲಿಗೆ ಹೋಗಿತ್ತೋ?" ಎಂದಳು ತೀರ್ಥ.

ದೊರೆ ಎಂಬ ಮಾತಿಗೆ ಅವನು ಬೆಚ್ಚಿಬಿದ್ದ. "ಕೆರೆ ಹತ್ರ ಕಣ್ರೀ. ಒಬ್ರಿಗೆ ಹುಲ್ಲು ಹಾಕೋದಿತ್ತು."

"ನಿಮ್ಮನೇಲಿ ದನಾನೇ ಇಲ್ವಲ್ಲ!"

ಅವನು ತಲೆ ತಗ್ಗಿಸಿ ನಕ್ಕ. ಓರೆಗಣ್ಣಲ್ಲಿ ಒಮ್ಮೆ ನೋಡಿ, ಸಿಕ್ಕಿಬಿದ್ದವನಂತೆ ಟೈರಿನ ಕಡೆ ತಿರುಗಿದ. ಆ ನಗು ಮಾತ್ರ ಅವಳ ಜೊತೆ ಮನೆತನಕ ಬಂತು.

ಕುತೂಹಲ ತಡೆಯದೆ ಒಂದು ಸಂಜೆ ಅವಳು ಹಿಂದೆಯೇ ಹೋದಳು. ಕೆರೆಯ ಏರಿಯ ಮೇಲೆ ನಿಂತು ತಮ್ಮಯ್ಯ ಸಿಳ್ಳೆ ಹಾಕಿದ. ನೀರು ಸೀಳಿಕೊಂಡು ಒಂದು ತಲೆ ಎದ್ದಿತು. ಕೋಣನ ಮುಖ, ಮಾರುದ್ದದ ಕೊಂಬು, ಕತ್ತಿನಿಂದ ಕೆಳಗೆಲ್ಲ ಮೀನಿನ ಮೈ. ಮಕ್ಕಳನ್ನು ಹೆದರಿಸಲು ಅಜ್ಜಿಯರು ಹೇಳುವ ಕೆರೆಕೋಣ! ಅದು ತೂಬಿನ ಕಲ್ಲಿಗೆ ಗದ್ದ ಊರಿ ಅವನಿಗೆ ತಲೆಬಾಗಿತು. ಅವನು ಹಣೆ ಕೆರೆದರೆ ಕಣ್ಣು ಮುಚ್ಚಿತು.

ತೀರ್ಥ ಎರಡು ಹೆಜ್ಜೆ ಹಿಂದೆ ಸರಿದಳು. ಬಾಯಿ ಸುಮ್ಮನಿರಬೇಕಲ್ಲ! "ಯಾರ್ರೀ ನೀವು?"

"ಈ ಕೆರೆ ಕಟ್ಟಿಸಿದ ಪಾಳೆಗಾರರ ವಂಶದವನು. ಕೋಟೆ ಹೋಯ್ತು, ಕುದುರೆ ಹೋಯ್ತು, ಕೋಣ ಉಳೀತು," ಎಂದ ತಮ್ಮಯ್ಯ. ಆಮೇಲೆ ದನಿ ತಗ್ಗಿಸಿ, "ನನ್ನ ನಿಜವಾದ ಹೆಸರು ಇಮ್ಮಡಿ ದೇವೀರಪ್ಪ ನಾಯಕ. ಇದನ್ನ ಕಟ್ಕೊಳ್ಳೋಳಿಗೆ ಬಿಟ್ಟು ಬೇರೆ ಯಾರಿಗೂ ಹೇಳಬಾರದು."

"ಮತ್ತೆ ನಂಗ್ಯಾಕೆ ಹೇಳಿದ್ರಿ?"

ಅವನು ಮತ್ತೆ ಕೋಣನ ಹಣೆ ಕೆರೆಯತೊಡಗಿದ. ಅವನ ಕಿವಿ ಕೆಂಪಾಗಿದ್ದು ಅವಳಿಗೆ ಕಂಡಿತು.

ಅಲ್ಲಿಂದ ಅವಳಿಗೆ ಆ ಹೆಸರೇ ಆಟವಾಯಿತು. "ಇಮ್ಮಡಿ ದೇವೀರಪ್ಪ ನಾಯಕರೇ, ಬ್ರೇಕು ಸರಿಮಾಡ್ರೀ," ಎಂದು ಕಿವಿಯ ಬಳಿ ಪಿಸುಗುಟ್ಟಿದರೆ ಅವನ ಕೈಯ ಸ್ಪ್ಯಾನರು ಜಾರುತ್ತಿತ್ತು. ಮರುವರ್ಷದ ಯುಗಾದಿಗೆ ತೂಬಿನ ಕಲ್ಲಿನ ಬಳಿ ಅವನು ಅವಳ ಕೊರಳಿಗೆ ಅರಿಶಿನದ ಕೊಂಬು ಕಟ್ಟಿದ. ಮುಂದಿನ ವರ್ಷದ ಕೊನೆಯ ಪರೀಕ್ಷೆ ಮುಗಿದ ಮೇಲೆ ಅಪ್ಪನಿಗೆ ಹೇಳುವುದೆಂದು, ಅಲ್ಲಿತನಕ ದಾರ ಮರೆಮಾಡುವುದೆಂದು ಮಾತಾಯಿತು.

ಅವತ್ತಿನಿಂದ ಅವಳ ಬಾಯಲ್ಲಿ ಆ ಹೆಸರು ನಿಂತುಹೋಯಿತು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ. ಯಾರಾದರೂ ಕೇಳಿದರೆ ಅವಳಮ್ಮ ವಿಮಲಮ್ಮ ಗೋಡೆಯ ಮೇಲಿನ ಮಲ್ಲಿಕಾರ್ಜುನನ ಪಟ ತೋರಿಸಿ, "ಇವರ ಹೆಸರೇ" ಎನ್ನುತ್ತಿದ್ದಳೇ ಹೊರತು ಬಾಯಿಬಿಟ್ಟವಳಲ್ಲ.

"ರೀ ಅಂತೆ ರೀ! ನನ್ನ ಹೆಸರು ಎಲ್ಲೋಯ್ತೇ?" ಎಂದು ಅವನು ಕಾಡುತ್ತಿದ್ದ.

"ನೂರು ವರ್ಷ ಬಾಳಿ ಅಂತ ಬಚ್ಚಿಟ್ಟಿದೀನಿ," ಎನ್ನುತ್ತಿದ್ದಳು.

ಆ ಮಳೆಗಾಲ ಕೆರೆ ತುಂಬಿ ಏರಿ ಬಿರುಕುಬಿಟ್ಟಿತು. ಏರಿಯ ಕೆಳಗೇ ಊರು. ಮಧ್ಯಾಹ್ನದ ಹೊತ್ತಿಗೆ ಜನ ಮಕ್ಕಳುಮರಿ ಎತ್ತಿಕೊಂಡು ಗುಡ್ಡದ ಕಡೆ ಓಡುತ್ತಿದ್ದರು. ತಮ್ಮಯ್ಯ ಅಂಗಿ ಬಿಚ್ಚಿ ತೀರ್ಥಳ ಕೈಗಿತ್ತ.

"ಕೋಣ ಬಿರುಕಿಗೆ ಅಡ್ಡ ಮಲಗಬೇಕು. ದೊರೆ ಜೊತೇಲಿ ಇಳಿದ್ರೇನೇ ಅದು ಮಲಗೋದು. ಅದು ಮಲಗಿದ ಜಾಗದಲ್ಲಿ ಸುಳಿ ಏಳುತ್ತೆ. ಸುಳಿ ನಿಲ್ಲೋದ್ರೊಳಗೆ ನನ್ನ ಪೂರ್ತಿ ಹೆಸರು ಹಿಡಿದು ಕರಿ, ಬಂದ್ಬಿಡ್ತೀನಿ. ಕರೀಲಿಲ್ಲ ಅಂದ್ರೆ ನಾನೂ ಆ ನೀರಿಗೇ ಸೇರಿಬಿಡ್ತೀನಿ. ಕೆರೆ ಇರೋ ತನಕ ನಂಗೆ ಆಯಸ್ಸು, ಸಾಯದೆ ಅಲ್ಲೇ ಇರ್ತೀನಿ."

"ಕರೀತೀನಿ."

"ರೀ ಅನ್ಬೇಡ ಮತ್ತೆ," ಎಂದು ನಕ್ಕು, ಅವಳ ಕೆನ್ನೆಯ ಮಳೆನೀರು ಒರೆಸಿ, ಕೋಣನ ಕೊಂಬು ಹಿಡಿದು ಮುಳುಗಿದ.

ಏರಿ ಒಮ್ಮೆ ಅದುರಿ ನಿಂತಿತು. ಸುಳಿ ಎದ್ದಿತು. ತೀರ್ಥ ಬಾಯಿ ತೆರೆದಳು.

"ರೀ!"

ನಾಲಿಗೆ ಕಲಿತದ್ದೇ ಅದು. "ರೀ... ಬನ್ರೀ..." ಸುಳಿ ಸಣ್ಣದಾಗುತ್ತಿತ್ತು. "ಇಮ್ಮಡಿ" ಎಂದವಳು ಅಲ್ಲಿಗೇ ತಡೆದಳು. ಸಾವಿನ ಬಾಯಲ್ಲಿ ಇರುವವನ ಆಯಸ್ಸನ್ನು ತಾನೇ ಕೈಯಾರೆ ಕಡಿಯುವುದೇ? ಆ ಒಂದು ಅಂಜಿಕೆ ಸಾಕಾಯಿತು. ಅವಳು ಎದೆ ಬಿರಿಯುವಂತೆ "ಇಮ್ಮಡಿ ದೇವೀರಪ್ಪ ನಾಯಕ" ಎಂದು ಕೂಗುವಷ್ಟರಲ್ಲಿ ನೀರು ಸಮವಾಗಿತ್ತು.

ಊರು ಉಳಿಯಿತು. ಸೈಕಲ್ ಶಾಪಿನ ಹುಡುಗ ಕೊಚ್ಚಿಹೋದ ಎಂದು ಜನ ಎರಡು ದಿನ ಮರುಗಿದರು. ಕೊರಳಿನ ದಾರ ನೋಡಿ ಅಪ್ಪ ಕೂಗಾಡಿದರು, ಆಮೇಲೆ ಅತ್ತರು. ತೀರ್ಥ ಆ ದಾರ ತೆಗೆಯಲಿಲ್ಲ, ಬೇರೆ ಮದುವೆಯನ್ನೂ ಆಗಲಿಲ್ಲ.

ಏಳೆಂಟು ವರ್ಷ ಕಳೆದವು. ಊರಿನ ಶಿಶುವಿಹಾರದ ಟೀಚರಾಗಿರುವ ಅವಳು ಈಗಲೂ ಸಂಜೆ ತೂಬಿನ ಕಲ್ಲಿನ ಮೇಲೆ ಕೂತು, ಮಕ್ಕಳು ಮಗ್ಗಿ ಹೇಳುವಂತೆ ಆ ಹೆಸರು ಹೇಳುತ್ತಾಳೆ. ಒಮ್ಮೊಮ್ಮೆ ಏರಿಯ ಬುಡದಲ್ಲಿ ನೀರು ಗುಳುಗುಳು ಎನ್ನುತ್ತದೆ. ಅಷ್ಟೇ, ಯಾರೂ ಮೇಲೆ ಬರುವುದಿಲ್ಲ.

ಬಟ್ಟೆ ಒಗೆಯುತ್ತಿದ್ದ ಮುದುಕಿ ಮಾರಮ್ಮ ಒಂದು ದಿನ ತಡೆಯಲಾರದೆ ಗದರಿದಳು. "ಏನೇ ನಿಂದು, ನಾಚ್ಕೆ ಬ್ಯಾಡ್ವಾ? ಕಟ್ಕೊಂಡೋನು ಕೆರೇಲಿ ಬದುಕವ್ನೆ ಅಂತೀಯ, ಅವ್ನ ಹೆಸ್ರು ಹಿಂಗೆ ಹೇಳ್ತಾ ಕೂತ್ರೆ ಆಯಸ್ಸು ಕಮ್ಮಿಯಾಗ್ತದೆ ಕಣೇ."

"ಆಗ್ಲಿ ಅಂತಾನೇ ಹೇಳ್ತಿರೋದು ಅಜ್ಜಿ," ಎಂದಳು ತೀರ್ಥ, ನೀರಿನ ಮೇಲಿಂದ ಕಣ್ಣು ತೆಗೆಯದೆ. "ಕೆರೆ ಇರೋ ತನಕ ಅವ್ರೊಬ್ರೇ ಏನ್ಮಾಡ್ತಾರೆ? ಕಮ್ಮಿಯಾಗ್ತಾ ಆಗ್ತಾ ನನ್ನಷ್ಟಕ್ಕೆ ಬಂದ್ರೆ ಸಾಕು, ಒಟ್ಟಿಗೆ ಹೋಗ್ತೀವಿ."

ಮಾರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ತೀರ್ಥ ಮತ್ತೆ ಮೊದಲಿನಿಂದ ಶುರುಮಾಡಿದಳು.

"ಇಮ್ಮಡಿ ದೇವೀರಪ್ಪ ನಾಯಕ."