ನಾಲ್ಕು ತಾಲ್ಲೂಕಿನ ಶಾಮಿಯಾನ

ಏಣಿಯ ತುದಿಯಲ್ಲಿ ನಿಂತು ಹಗ್ಗ ಬಿಗಿಯುತ್ತಿದ್ದ ಚಲುವರಾಜನನ್ನು ಹೇಮಾವತಿ ಮೊದಲ ಸಲ ನೋಡಿದ್ದು ಸಂತೆಬಾಚಹಳ್ಳಿಯಲ್ಲಿ, ಬೈಯುವುದಕ್ಕೆಂದೇ ಪಾಂಡವಪುರದಿಂದ ಬಸ್ಸು ಹತ್ತಿ ಬಂದ ದಿನ.

"ಇಳೀರಿ ಕೆಳಕ್ಕೆ," ಎಂದಳು.

ಅವನು ಬಗ್ಗಿ ನೋಡಿದ. ಬಿಸಿಲಿಗೆ ಕೆಂಪಾದ ಮುಖ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬೆವರಿಗೆ ಹಣೆಯ ಮೇಲೆ ಅಂಟಿಕೊಂಡ ಒಂದೆಳೆ ಕೂದಲು. ಮದುವೆ ಮನೆಯವರ ಪೈಕಿ ಇರಬೇಕೆಂದುಕೊಂಡು, ಇದೊಂದು ಗಂಟು ಹಾಕಿ ಬಂದೆ ಎಂದ.

"ಗಂಟು ಹಾಕ್ಬ್ಯಾಡಿ. ಹಾಕಿರೋದ್ನೂ ಬಿಚ್ಚಿ."

ಅದು ತೊಂಬತ್ತೈದರ ಬೇಸಿಗೆ. ಅಪ್ಪ ತೀರಿಕೊಂಡ ಮೇಲೆ ಪಾಂಡವಪುರದ ಶಾಮಿಯಾನ ಅಂಗಡಿಯನ್ನು ಹೇಮಾವತಿಯೇ ನಡೆಸುತ್ತಿದ್ದಳು. ಕಂಟ್ರಾಕ್ಟರ್ ಶಿವಲಿಂಗಯ್ಯ ಹೊಸಮನೆಯ ಗೃಹಪ್ರವೇಶಕ್ಕೆ ಅವಳ ಶಾಮಿಯಾನ ಹಾಕಿಸಿಕೊಂಡು, ಅದರ ಕೆಳಗೇ ಪಟಾಕಿ ಹೊಡೆಸಿ, ಸುಟ್ಟು ತೂತಾದ ಬಟ್ಟೆಯನ್ನು ಮಡಿಸಿ ಕಳಿಸಿದ್ದ. ಕೇಳಲು ಹೋದರೆ ಜಗಲಿಯಿಂದ ಏಳಲೂ ಇಲ್ಲ. ನಿಮ್ಮನೇಲಿ ಗಂಡಸರಿದ್ದರೆ ಕಳಿಸು, ಮಾತಾಡುತ್ತೇನೆ ಎಂದಿದ್ದ. ಆ ಮಾತು ಅವಳ ಎದೆಯಲ್ಲಿ ಕೆಂಡದಂತೆ ಕೂತಿತ್ತು. ಇವನು ನನ್ನ ಮುಖ ನೋಡಿ ತಪ್ಪಾಯಿತು ಅನ್ನುವವರೆಗೂ ಇವನ ಮನೆಗೆ ನೆರಳು ಕೊಡುವುದಿಲ್ಲ ಎಂದು ನಿಶ್ಚಯಿಸಿದಳು. ಶಿವಲಿಂಗಯ್ಯನಿಗೆ ಅದೇನೂ ತಟ್ಟಲಿಲ್ಲ. ಮಗಳ ಮದುವೆಯನ್ನು ಸಂತೆಬಾಚಹಳ್ಳಿಯಲ್ಲಿಟ್ಟುಕೊಂಡು, ಪಕ್ಕದ ತಾಲ್ಲೂಕಿನವನನ್ನು ಕರೆಸಿದ. ಆ ಪಕ್ಕದ ತಾಲ್ಲೂಕಿನವನೇ ಕೆ.ಆರ್. ಪೇಟೆಯ ಚಲುವರಾಜು.

ಎಲ್ಲವನ್ನೂ ಕೇಳಿಸಿಕೊಂಡು ಅವನು ಏಣಿಯಿಂದ ಇಳಿದ. ಅವಳಿಗೆ ಕೊಡಲು ಒಂದು ಲೋಟ ಮಜ್ಜಿಗೆ ತರಿಸಿದ. ಅವಳು ಮುಟ್ಟಲಿಲ್ಲ.

"ಗೊತ್ತಿರ್ಲಿಲ್ಲ ಕಣ್ರೀ," ಎಂದ. "ಆದ್ರೆ ಬೆಳಿಗ್ಗೆ ಧಾರೆ. ಹೆಣ್ಣಿನ ತಲೆ ಮೇಲಿಂದ ಬಟ್ಟೆ ಕಿತ್ಕಂಡು ಓಗು ಅಂದ್ರೆ ನನ್ ಕೈಲಾಗಾಕಿಲ್ಲ. ನಿಮ್ ಕೈಲಾಯ್ತದಾ?"

ಅವಳಿಂದಲೂ ಆಗುತ್ತಿರಲಿಲ್ಲ. ಅದು ಅವಳನ್ನು ಇನ್ನಷ್ಟು ರೇಗಿಸಿತು. ಅವಳು ಅಲ್ಲಿಯೇ ನಿಂತು, ಇದಕ್ಕೆಲ್ಲ ನಾವು ಒಬ್ಬೊಬ್ಬರೇ ಇರುವುದೇ ಕಾರಣ, ನಾಲ್ಕು ತಾಲ್ಲೂಕಿನ ಶಾಮಿಯಾನದವರೆಲ್ಲ ಸೇರಿ ಒಂದು ಸಂಘ ಕಟ್ಟಬೇಕು, ಒಬ್ಬರಿಗೆ ಅವಮಾನ ಮಾಡಿದವನಿಗೆ ಮಿಕ್ಕ ಯಾರೂ ಕಂಬ ನೆಡಬಾರದು ಎಂದು ಒಂದೇ ಉಸಿರಿಗೆ ಹೇಳಿದಳು. ಹೇಳಿ ಮುಗಿಸಿದಾಗ ಅವನು ತನ್ನನ್ನೇ ನೋಡುತ್ತಿರುವುದು ಕಂಡಿತು. ನಗುತ್ತಿರಲಿಲ್ಲ. ಬರೀ ನೋಡುತ್ತಿದ್ದ.

"ಯಾವಾಗಿಂದ ಶುರು ಮಾಡಾನ?" ಎಂದ.

ಆಗ ಅವಳು ಮಜ್ಜಿಗೆ ಕುಡಿದಳು.

ಅಲ್ಲಿಂದ ಸುತ್ತಾಟ. ಅವಳು ಬಸ್ಸಿನಲ್ಲಿ, ಅವನು ಬೈಕಿನಲ್ಲಿ. ಬೈಕಿಗೆ ಹತ್ತಿ ಎಂದು ಒಂದು ಸಲ ಕೇಳಿದ್ದ. ಅವಳು ನೋಡಿದ ನೋಟಕ್ಕೆ ಮತ್ತೆ ಕೇಳಲಿಲ್ಲ. ಆದರೆ ಬಸ್ಸನ್ನು ಹಿಂದೆ ಹಾಕಿ ಹೋಗುತ್ತಲೂ ಇರಲಿಲ್ಲ. ನಾಗಮಂಗಲದ ದಾರಿಯುದ್ದಕ್ಕೂ ಹಿಂದಿನ ಕಿಟಕಿಯಲ್ಲಿ ಧೂಳಿನ ನಡುವೆ ಅವನ ಬೈಕು ಕಾಣುತ್ತಿತ್ತು. ಹೇಮಾವತಿ ಹಿಂದಿನ ಸೀಟಿನಲ್ಲೇ ಕೂರುವುದನ್ನು ರೂಢಿ ಮಾಡಿಕೊಂಡಳು. ಕುಲುಕಾಟ ಜಾಸ್ತಿಯಾದರೂ ಗಾಳಿ ಚೆನ್ನಾಗಿ ಬರುತ್ತದೆ ಎಂದು ಅಮ್ಮ ಬೈರಮ್ಮನಿಗೆ ಹೇಳಿದ್ದಳು.

ಅಂಗಡಿಗಳಲ್ಲಿ ಬೇರೆಯೇ ಕಥೆ. ಅವಳು ಪ್ರಶ್ನೆ ಕೇಳಿದರೆ ಗಂಡಸರು ಉತ್ತರವನ್ನು ಚಲುವರಾಜನಿಗೆ ಹೇಳುತ್ತಿದ್ದರು. ಸಂಘದ ನಿಯಮ ವಿವರಿಸಿದರೆ, ಅಂಗೇನಪ್ಪಾ ಎಂದು ಅವನನ್ನು ಕೇಳುತ್ತಿದ್ದರು. ಅವಳ ಕಿವಿ ಬಿಸಿಯಾಗುತ್ತಿತ್ತು. ಎರಡು ಅಂಗಡಿ ಕಳೆಯುವಷ್ಟರಲ್ಲಿ ಚಲುವರಾಜು ಒಂದು ಉಪಾಯ ಕಂಡುಕೊಂಡ. ಯಾರು ಏನೇ ಕೇಳಲಿ, ತುಟಿ ಬಿಚ್ಚದೆ ಅವಳ ಕಡೆ ತಿರುಗಿ ಕಾಯುತ್ತಿದ್ದ. ಅವನು ಕಾಯುವುದನ್ನು ನೋಡಿ ಅವರೂ ತಿರುಗಲೇಬೇಕಾಗುತ್ತಿತ್ತು. ನಾಗಮಂಗಲದ ಹಿರಿಯ ದಾಸಯ್ಯ ಹಾಗೆ ತಿರುಗಿ ಕೂತವರು ಪೂರ್ತಿ ಕೇಳಿ, ನೀನು ಕಟ್ಟವ್ವ, ನಾನು ಬತ್ತೀನಿ ಎಂದರು.

ಆ ಸಂಜೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅವನು ಲೋಟವನ್ನು ತಿರುಗಿಸುತ್ತ ಮೆಲ್ಲಗೆ ಕೇಳಿದ.

"ದಾಸಯ್ಯಣ್ಣ, ಶ್ರೀರಂಗಪಟ್ನದ ಕೆಂಪಣ್ಣ, ಕಂಡಕ್ಟರಣ್ಣ. ಎಲ್ರೂ ಅಣ್ಣಂದ್ರೇ. ನನ್ನ ಮಾತ್ರ ಯಾಕ್ರೀ ಅಣ್ಣ ಅನ್ನಾಕಿಲ್ಲ?"

"ಅನ್ಬೇಕಾ?"

"ಬ್ಯಾಡ," ಎಂದ, ಬೇಗ.

ಅವಳು ಟೀ ಕಡೆ ನೋಡಿದಳು. ನಗು ಬರದಂತೆ ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡಿದ್ದು ಅವನಿಗೆ ಕಂಡೇ ಕಂಡಿತು.

ಸಂಘದ ಮೊದಲ ಸಭೆ ಶ್ರೀರಂಗಪಟ್ಟಣದ ಒಂದು ಛತ್ರದಲ್ಲಿ ನಡೆಯಿತು. ನಾಲ್ಕು ತಾಲ್ಲೂಕಿನವರೂ ಬಂದಿದ್ದರು. ಅಧ್ಯಕ್ಷರು ಯಾರು ಎಂಬ ಮಾತು ಬಂದಾಗ ಊರಿನ ದೊಡ್ಡ ಅಂಗಡಿಯ ಕೆಂಪಣ್ಣನ ಹೆಸರನ್ನು ಯಾರೋ ಕೂಗಿದರು. ಚಪ್ಪಾಳೆ ಬಿತ್ತು. ಚಲುವರಾಜು ಕಾರ್ಯದರ್ಶಿಯಾದ. ಸಮಿತಿ ತುಂಬಿತು. ಕೊನೆಗೆ ಕೆಂಪಣ್ಣ ಇವಳತ್ತ ನೋಡಿ, ತಂಗೀದು ಬಾಳ ಓಡಾಟ ಆಯ್ತು, ಪ್ರತಿ ಸಭೆಗೂ ಅವಳೇ ಪ್ರಾರ್ಥನೆ ಹಾಡಲಿ ಎಂದ.

ಹೇಮಾವತಿ ಚಲುವರಾಜನ ಕಡೆ ನೋಡಿದಳು. ಅಂಗಡಿಗಳಲ್ಲಿ ಮಾಡಿದಂತೆ ಇವಳತ್ತ ತಿರುಗಿದರೆ ಸಾಕಿತ್ತು. ಅವನು ನೆಲ ನೋಡುತ್ತಿದ್ದ.

ಅವಳು ಎದ್ದು ರೈಲ್ವೆ ಸ್ಟೇಷನ್ನಿಗೆ ನಡೆದಳು. ಅವನು ಏದುಸಿರು ಬಿಡುತ್ತ ಬಂದು ಕಲ್ಲು ಬೆಂಚಿನ ಮುಂದೆ ನಿಂತ. ಬಸ್ಸಿನ ಹಿಂದೆ ಬೈಕು ಹೋಗುವುದನ್ನು ಜನ ಆಡಿಕೊಳ್ಳುತ್ತಿದ್ದಾರೆ, ಎಲ್ಲರೆದುರು ತಾನು ಅವಳ ಪರ ಮಾತಾಡಿದ್ದರೆ ಅವಳ ಹೆಸರು ಕೆಡುತ್ತಿತ್ತು ಎಂದು ತೊದಲಿದ.

"ನನ್ ಹೆಸ್ರು ಉಳ್ಸಾಕೆ ನನ್ ಹೆಸ್ರುನ್ನೇ ಅಳಿಸ್ಬುಟ್ರಾ?"

ಅವನು ಬೆಂಚಿನ ತುದಿಯಲ್ಲಿ ಕೂರಲು ಹೋಗಿ ಮತ್ತೆ ನಿಂತ.

"ಶಿವಲಿಂಗಯ್ಯ ಗಂಡುಸ್ರುನ್ನ ಕಳ್ಸು ಅಂದ. ನೀವೆಲ್ಲ ಒಳಕ್ಕೆ ಕರ್ದು ಅದ್ನೇ ಯೋಳುದ್ರಿ. ಅವ್ನೇ ವಾಸಿ."

ರೈಲು ಬಂತು. ಅವಳು ಹತ್ತಿದಳು. ಕಿಟಕಿಯಲ್ಲಿ ಕೂತು ಒಂದು ಸಲವೂ ಹೊರಗೆ ನೋಡಲಿಲ್ಲ. ಕಾವೇರಿ ದಾಟಿದ ಮೇಲೆ ಮಾತ್ರ ಕಣ್ಣೊರೆಸಿಕೊಂಡಳು, ಅದೂ ಸಿಟ್ಟಿಗೇ ಎಂದುಕೊಂಡಳು.

ಶ್ರಾವಣದಲ್ಲಿ ಸುದ್ದಿ ಬಂತು. ಶಿವಲಿಂಗಯ್ಯನ ಮಗನ ಮದುವೆ ಶ್ರೀರಂಗಪಟ್ಟಣದಲ್ಲಿ, ಶಾಮಿಯಾನ ಕೆಂಪಣ್ಣನದು. ಸಂಘದ ಮೊದಲ ನಿಯಮವನ್ನು ಸಂಘದ ಅಧ್ಯಕ್ಷನೇ ಮುರಿಯಲು ಹೊರಟಿದ್ದ. ಹೇಮಾವತಿ ನಾಗಮಂಗಲಕ್ಕೆ ಹೋಗಿ ದಾಸಯ್ಯನನ್ನು ಕಂಡು, ಸದಸ್ಯರನ್ನು ಸೇರಿಸಿ ತುರ್ತು ಸಭೆ ಕರೆಸಿದಳು.

ಅದೇ ಛತ್ರ. ಈ ಸಲ ಅವಳು ಮುಂದಿನ ಸಾಲಿನಲ್ಲಿ ಕೂತಳು. ಕೆಂಪಣ್ಣ, ಅವರು ನಮಗೆ ನೆಂಟರಾಗಬೇಕು, ನೆಂಟಸ್ತನ ಬಿಡೋಕಾಗುತ್ತಾ ಎಂದ. ಅವಳು ಎದ್ದು ನಿಂತಳು.

"ನಾಳೆ ನಿಮ್ ಬಟ್ಟೆ ಸುಟ್ಟೋನು ನಂಗೆ ನೆಂಟ ಆಗಿರ್ತಾನೆ ಕೆಂಪಣ್ಣ. ಆಗ ಯಾರ್ ತಾವ ಓಯ್ತೀರಾ? ನೆಂಟ್ರೇ ಮುಖ್ಯ ಅಂದ್ರೆ ಸಂಘದ್ ಬೋರ್ಡು ಇಳ್ಸಿ. ಎಲ್ಲಾ ಮನೇಗೋಗಾನ."

ಆಗ ಹಿಂದಿನಿಂದ ಒಬ್ಬ, ಬಸ್ಸಿನ ಹಿಂದೆ ಬೈಕು ಓಡಿದ್ದು ಸಂಘ ಕಟ್ಟೋಕೋ ಸಂಸಾರ ಕಟ್ಟೋಕೋ ಎಂದ. ನಗೆ ಎದ್ದಿತು. ಹೇಮಾವತಿಯ ಮುಖ ಬಿಳುಪೇರಿತು.

ಚಲುವರಾಜು ಮೇಜಿನ ಹಿಂದಿನಿಂದ ಎದ್ದ.

"ಬಸ್ಸಲ್ಲಿದ್ದೋರು ಬಂದಿದ್ದು ಸಂಘ ಕಟ್ಟಾಕೆ. ಬೈಕಲ್ಲಿದ್ದೋನಿಗೆ ಸಂಸಾರದ್ ಆಸೆ ಇತ್ತು, ಈಗ್ಲೂ ಅದೆ. ಅದು ನಂದು, ಅವ್ರುದ್ದಲ್ಲ. ಅದ್ಕೇ ಜನದ್ ಮಾತ್ಗೆ ಎದ್ರಿ ಅವತ್ತು ಬಾಯಿ ಮುಚ್ಕಂಡಿದ್ದೆ. ಈ ಸಂಘ ಇವ್ರು ಕಟ್ಟಿದ್ದು. ಇವ್ರಿಲ್ದಿರೋ ಸಮಿತೀಲಿ ನಾನಿರಾಕಿಲ್ಲ."

ಅಷ್ಟು ಹೇಳಿ ಮೇಜು ಬಿಟ್ಟು ಬಂದು ಕೊನೆಯ ಸಾಲಿನಲ್ಲಿ ಕೂತ. ನಗು ನಿಂತಿತು. ದಾಸಯ್ಯ ಕೋಲು ಊರಿಕೊಂಡು ಎದ್ದು, ಅಧ್ಯಕ್ಷರಾಗಿ ಹೇಮಾವತಿಯ ಹೆಸರು ಹೇಳಿದರು. ಒಂದೊಂದಾಗಿ ಕೈಗಳು ಎದ್ದವು. ಎಲ್ಲರಿಗಿಂತ ಕೊನೆಗೆ ಕೆಂಪಣ್ಣನದೂ.

ಶಿವಲಿಂಗಯ್ಯ ನಾಲ್ಕು ತಾಲ್ಲೂಕಿನಲ್ಲೂ ಅಲೆದ. ಎಲ್ಲ ಅಂಗಡಿಯವರೂ ಒಂದೇ ಮಾತು ಹೇಳಿದರು: ಪಾಂಡವಪುರಕ್ಕೆ ಹೋಗಿ ಅಧ್ಯಕ್ಷರನ್ನು ಕೇಳಿ. ಮೊದಲು ಆಳನ್ನು ಕಳಿಸಿದ, ಆಮೇಲೆ ಅಳಿಯನನ್ನು. ಹೇಮಾವತಿ ಇಬ್ಬರನ್ನೂ ವಾಪಸ್ಸು ಕಳಿಸಿದಳು. ಕೊನೆಗೆ ತಾನೇ ಬಂದು, ಅವಳ ಬಾಗಿಲಲ್ಲಿ ನಿಂತು, ತಪ್ಪಾಯಿತು ತಾಯಿ ಎಂದ. ಅವಳು ಒಳಗೆ ಕರೆದು ಕಾಫಿ ಕೊಟ್ಟಳು. ಮದುವೆಗೆ ಶಾಮಿಯಾನವನ್ನೂ ಹಾಕಿಸಿದಳು. ಆ ವರ್ಷ ಕಳೆಯುವುದರೊಳಗೆ ಸುತ್ತಲಿನ ತಾಲ್ಲೂಕಿನವರೂ ಸಂಘ ಸೇರಲು ಬಂದರು.

ಚಲುವರಾಜು ಬಂದದ್ದು ಶಿವಲಿಂಗಯ್ಯ ಬಂದುಹೋದ ಮರುದಿನ. ಅಂಗಡಿಯಲ್ಲಿ ಅವಳು ಬಟ್ಟೆ ಮಡಿಸುತ್ತಿದ್ದಳು. ಅವನು ಇನ್ನೊಂದು ತುದಿ ಹಿಡಿದ. ಇಬ್ಬರೂ ಮಡಿಸುತ್ತ ಹತ್ತಿರ ಬಂದರು.

"ಅಷ್ಟು ಜನುಕ್ಕೆ ಯೋಳುದ್ರಲ್ಲ," ಎಂದಳು, ಅವನ ಕೈಯಿಂದ ತುದಿ ಕಿತ್ತುಕೊಂಡು. "ಕೇಳ್ಬೇಕಾದೋಳ್ನ ಕೇಳುದ್ರಾ?"

"ಈಗ ಕೇಳ್ತಿವ್ನಿ."

"ನಂಗಿನ್ನೂ ಕೋಪ ಇಳ್ದಿಲ್ಲ."

"ಇಳಿಯೋಗಂಟ ಕಾಯ್ತೀನಿ."

ಅವಳು ಅವನ ಮುಖವನ್ನು ನೆಟ್ಟಗೆ ನೋಡಿದಳು. ರೆಪ್ಪೆಯ ಮೇಲೆ ರಸ್ತೆಯ ಧೂಳು ಇನ್ನೂ ಇತ್ತು. ಈ ಸಲ ಅವನು ನೆಲ ನೋಡುತ್ತಿರಲಿಲ್ಲ.

"ಇಳಿಯೋದೇ ಬ್ಯಾಡ. ಕೋಪ ಇಟ್ಕಂಡೇ ಬತ್ತೀನಿ. ಅಂಗಡಿ ಬೋರ್ಡೂ ನಂದೇ ಇರ್ತದೆ. ನಿಮ್ ಮನೇಲಿ ಇದೆಲ್ಲಕ್ಕೂ ಜಾಗ ಅದಾ?"

ಅವನು ತಲೆಯಾಡಿಸಿದ.

"ತಲೆ ಆಡ್ಸುದ್ರೆ ಆಗಾಕಿಲ್ಲ. ಬಾಯ್ಬುಟ್ಟು ಯೋಳಿ."

"ಅದೆ," ಎಂದ ಚಲುವರಾಜು, ಹಿತ್ತಲಲ್ಲಿದ್ದ ಬೈರಮ್ಮನಿಗೂ ರಸ್ತೆಯಲ್ಲಿ ಹೋಗುತ್ತಿದ್ದವರಿಗೂ ಕೇಳುವ ಹಾಗೆ.