ಪಕ್ಕದ ಸೀಟಿನ ಕನ್ನಡಿ

ಕ್ಯಾಂಪರ್ ವ್ಯಾನಿನ ಮೂತಿ ಸರೋವರದಲ್ಲಿ ಮುಳುಗಿತ್ತು. ಹಿಂಭಾಗ ಮಾತ್ರ ನೀರಿನ ಮೇಲಿತ್ತು. ಹಿಂದಿನ ಕಿಟಕಿಯ ಹೂವಿನ ಪರದೆ ಒದ್ದೆಯಾಗಿ ಗಾಜಿಗೆ ಅಂಟಿಕೊಂಡಿತ್ತು.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಬೆಳಗಿನ ಒಂಬತ್ತೂವರೆ. ಮುದುಕನ ದೇಹವನ್ನು ದಡದ ಹುಲ್ಲಿನ ಮೇಲೆ ಮಲಗಿಸಿದ್ದರು. ಎಪ್ಪತ್ತೊಂದು ವರ್ಷ. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಡ್ರೈವರ್. ಇನ್ಸ್‌ಪೆಕ್ಟರ್ ಮೊದಲು ಮುಖ ನೋಡುವವಳಲ್ಲ, ಕೈ ನೋಡುವವಳು. ಮುದುಕನ ಬಲಗೈಯಲ್ಲಿ ಒಂದು ನೀಲಿ ಉಣ್ಣೆಯ ಶಾಲು ಇತ್ತು. ಅದನ್ನು ಬಿಡಿಸಲು ಇಬ್ಬರು ಬೇಕಾಯಿತು.

“ಅಪಘಾತ ಮೇಡಂ. ಹ್ಯಾಂಡ್‌ಬ್ರೇಕ್ ಜಾರಿದೆ,” ಎಂದ ಕಾನ್‌ಸ್ಟೇಬಲ್. ಠಾಣೆಯಲ್ಲಿ ಅವನನ್ನು ಎಲ್ಲರೂ ಆಮೆ ಎನ್ನುತ್ತಿದ್ದರು. ಜೀಪನ್ನು ನಲವತ್ತರ ಮೇಲೆ ಓಡಿಸಿದವನಲ್ಲ. ತೀರ್ಮಾನಕ್ಕೆ ಮಾತ್ರ ಎಲ್ಲರಿಗಿಂತ ಮೊದಲು ಹೋಗಿ ಕೂತಿರುತ್ತಿದ್ದ.

“ಒಳಗೆ ಇನ್ಯಾರಿದ್ದರು?”

“ಯಾರೂ ಇಲ್ಲ. ಮಗ ಸ್ನಾನದ ಮನೆಯಲ್ಲಿ. ಸೊಸೆ, ಇಬ್ಬರು ಮೊಮ್ಮಕ್ಕಳು, ಇಲ್ಲಿನ ಕಾವಲುಗಾರ ದೋಣಿಕಟ್ಟೆ ಮೇಲೆ. ಅಜ್ಜಿ ನಲ್ಲಿ ಹತ್ತಿರ ಲೋಟ ತೊಳೀತಿದ್ದರಂತೆ.”

ವ್ಯಾನು ಇಳಿಜಾರಿನಲ್ಲಿ ಜಾರಿದ್ದನ್ನು ಮೊದಲು ಕಂಡವರು ಮೊಮ್ಮಕ್ಕಳು. ಒಳಗೆ ಯಾರೂ ಇಲ್ಲವೆಂದುಕೊಂಡು ಚಪ್ಪಾಳೆ ತಟ್ಟಿದ್ದರಂತೆ. ಈಗ ಇಬ್ಬರೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

ಅಜ್ಜಿ ಬೆಂಚಿನ ಮೇಲಿದ್ದಳು. ಅವಳ ಪಕ್ಕದಲ್ಲಿ ಆರು ಸ್ಟೀಲ್ ಲೋಟ, ತೊಳೆದು, ಒರೆಸಿ, ಬೋರಲು ಹಾಕಿದ್ದವು.

“ಎಣಿಸಿದ್ದೆ,” ಎಂದಳು, ಯಾರಿಗೂ ಅಲ್ಲದ ಹಾಗೆ. “ಸರಿಯಾಗೇ ಎಣಿಸಿದ್ದೆ.”

“ಆಗಿನಿಂದ ಇದೇ ಮಾತು ಮೇಡಂ,” ಸೊಸೆ ಕಣ್ಣೊರೆಸಿಕೊಂಡಳು. “ಲೋಟ ಎಣಿಸ್ತಿದ್ದಾರೆ ಅನ್ಸತ್ತೆ. ಅತ್ತೆಗೆ ಏನೂ ತಿಳೀತಿಲ್ಲ.”

*

ಕ್ರೇನ್ ವ್ಯಾನನ್ನು ದಡಕ್ಕೆ ಎಳೆಯುವಷ್ಟರಲ್ಲಿ ಹನ್ನೊಂದಾಯಿತು. ಇನ್ಸ್‌ಪೆಕ್ಟರ್ ಡ್ರೈವರ್ ಸೀಟು ಹತ್ತಿದಳು. ಸೀಟಿನಿಂದ ನೀರು ಪಚಕ್ಕೆಂದಿತು.

“ಆಮೆ, ಮಗನ್ನ ಕರಿ.”

ಮಗ ಬಂದ. ನಲವತ್ತರ ಆಸುಪಾಸು. ಕಣ್ಣು ಕೆಂಡ.

“ನಿಮ್ಮ ತಂದೆ ಗಾಡಿ ನಿಲ್ಲಿಸೋ ರೀತಿ ಹೇಗಿತ್ತು?”

“ಹ್ಯಾಂಡ್‌ಬ್ರೇಕ್ ಹಾಕಿ, ಗೇರಲ್ಲಿ ಬಿಟ್ಟು, ಮುಂದಿನ ಚಕ್ರಕ್ಕೆ ಎರಡು ಮರದ ತುಂಡು. ಮನೆ ಅಂಗಳದಲ್ಲಿ ನಿಲ್ಲಿಸಿದ್ರೂ ಅದೇ. ‘ಬ್ರೇಕನ್ನ ನಂಬಿದವನು ಕೆಟ್ಟ’ ಅನ್ನೋರು. ತುಂಡು ಇಡೋ ಕೆಲಸ ಚಿಕ್ಕಂದಿನಿಂದ ನಂದು. ಅದಕ್ಕೇ ಮನೇಲಿ ನಂಗೆ ‘ಕ್ಲೀನರ್’ ಅಂತ ಹೆಸರು.”

“ನಿನ್ನೆ ಇಟ್ರಾ?”

“ನಾನೇ ಇಟ್ಟೆ.”

ಗೇರ್ ನ್ಯೂಟ್ರಲ್‌ನಲ್ಲಿತ್ತು. ಹ್ಯಾಂಡ್‌ಬ್ರೇಕ್ ಕೆಳಗಿತ್ತು. ಜಾರಿದ್ದಲ್ಲ, ಇಳಿಸಿದ್ದು. ಕೀ ಮಾತ್ರ ಸತ್ತವನ ಜೇಬಿನಲ್ಲೇ ಭದ್ರವಾಗಿತ್ತು. ಇಳಿಜಾರಿನಲ್ಲಿ ಗಾಡಿ ಉರುಳಲು ಕೀ ಬೇಕಿಲ್ಲವಲ್ಲ.

ಅವಳು ಕೆಳಗಿಳಿದು ಹಿಂದಕ್ಕೆ ಹೋದಳು. ಏಣಿಯ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ. ಬೆಲ್ಟ್ ಬಿಗಿಯಾಗಿತ್ತು. ನೀರು ಅಲ್ಲಿವರೆಗೆ ಬಂದಿರಲಿಲ್ಲ. ಬಿಚ್ಚಿದರೆ ಎರಡು ಮರದ ತುಂಡುಗಳು, ಒರೆಸಿ, ಒಂದರ ಪಕ್ಕ ಒಂದು ಇಟ್ಟಿದ್ದವು. ಮೇಲೆ ನಾಲ್ಕು ಮಡಿಕೆಯ ಹಳೇ ಟವೆಲು. ಮರದ ಬಿರುಕಿನಲ್ಲಿ ಬಿಳಿ ಜೇಡಿಮಣ್ಣು ಇನ್ನೂ ಹಸಿಯಾಗಿತ್ತು. ಆ ಮಣ್ಣು ಇದೇ ದಡದ್ದು.

“ಇಟ್ಟ ತುಂಡನ್ನು ಬೆಳಿಗ್ಗೆ ಯಾರೋ ತೆಗೆದಿದ್ದಾರೆ,” ಎಂದಳು ಇನ್ಸ್‌ಪೆಕ್ಟರ್. “ತೆಗೆದು, ಒರೆಸಿ, ಪೆಟ್ಟಿಗೇಲಿಟ್ಟು, ಬೆಲ್ಟ್ ಹಾಕಿ, ಆಮೇಲೆ ಬ್ರೇಕ್ ಇಳಿಸಿದ್ದಾರೆ.”

ಆಮೆ ಅವಳ ಕಿವಿಯ ಹತ್ತಿರ ಬಂದ. “ಕ್ಲೀನರ್ ಕೆಲಸ ಮೇಡಂ. ಸ್ನಾನದ ಮನೇಲಿ ಇದ್ದೆ ಅಂತಾನೆ, ನೋಡಿದವರು ಯಾರು? ನಿನ್ನೆ ಸಂಜೆ ಅಪ್ಪ ಮಗನಿಗೆ ಜಗಳ ಬೇರೆ. ಕಾವಲುಗಾರ ಕೇಳಿಸ್ಕೊಂಡಿದ್ದಾನೆ.”

*

“ಹೌದು, ಜಗಳ ಆಡಿದೆ,” ಎಂದ ಮಗ. “ನಾಳೆ ಘಾಟಿ ದಾರಿ, ಗಾಡಿ ನಾನು ಓಡಿಸ್ತೀನಿ, ಕೀ ಕೊಡಪ್ಪ ಅಂದೆ. ನಿನ್ನೆ ಒಂದು ಸೈಕಲ್‌ಗೆ ತಾಗಿಸೋದ್ರಲ್ಲಿದ್ರು. ‘ನನ್ನ ಹೆಣದ ಮೇಲೆ ಕಾಲಿಟ್ಟು ತಗೋ’ ಅಂದ್ರು. ಅವರು ನನ್ನ ಜೊತೆ ಆಡಿದ ಕೊನೆ ಮಾತು ಮೇಡಂ ಅದು.”

ಅವನು ಅಲ್ಲೇ ಕುಸಿದು ಮಂಡಿಯ ನಡುವೆ ತಲೆಯಿಟ್ಟ.

ಸೊಸೆ ಮುಂದೆ ಬಂದಳು. “ಇವರಲ್ಲ ಮೇಡಂ. ಇವರು ಒಂದು ಸಾಮಾನನ್ನ ತೆಗೆದ ಜಾಗಕ್ಕೆ ಇಟ್ಟವರೇ ಅಲ್ಲ. ಮೂರು ದಿನದಿಂದ ಆ ಮರದ ತುಂಡುಗಳನ್ನ ಹುಲ್ಲಲ್ಲೇ ಬಿಟ್ಟು ಹೊರಡೋರು. ದಿನಾ ಮಾವನ ಕೈಲಿ ಬೈಸ್ಕೊಂಡಿದ್ದಾರೆ.”

“ಹಾಗಾದ್ರೆ ಎತ್ತಿ ಇಡ್ತಿದ್ದವರು ಯಾರು?”

“ಯಾರೋ ಇಟ್ಟಿರ್ತಿದ್ರು,” ಸೊಸೆ ತಬ್ಬಿಬ್ಬಾದಳು. “ನಾವು ಗಮನಿಸಿಲ್ಲ.”

“ಪ್ರಯಾಣ ಹೇಗಿತ್ತು?”

“ಚೆನ್ನಾಗೇ ಇತ್ತು. ಮೂರು ಸರೋವರ ನೋಡಿದ್ವಿ, ಇನ್ನೂ ನಾಲ್ಕಿತ್ತು. ಅತ್ತೆ ಮುಂದಿನ ಸೀಟಲ್ಲಿ ಕೂತು ದಾರಿಯುದ್ದಕ್ಕೂ ಮಾತು. ‘ಎಡಕ್ಕೆ ತಿರುವು ಬಂತು, ಹಿಂದೆ ಲಾರಿ ಇದೆ, ಹೋಯ್ತು, ಈಗ ತಗೊಳ್ಳಿ’ ಅಂತ. ನಮಗೆಲ್ಲ ನಗು. ಮೂವತ್ತನಾಲ್ಕು ವರ್ಷದ ಡ್ರೈವರಿಗೆ ಇವರು ಪಾಠ ಹೇಳ್ತಾರಲ್ಲ ಅಂತ.”

“ಮಾವ ರೇಗ್ತಿರಲಿಲ್ವಾ?”

“ಅದೇ ಆಶ್ಚರ್ಯ. ಬೇರೆ ಯಾರು ಬಾಯಿ ಹಾಕಿದ್ರೂ ಸಿಡಿಯೋರು. ಅತ್ತೆಗೆ ಮಾತ್ರ ಒಂದು ಮಾತಿಲ್ಲ.”

ಇನ್ಸ್‌ಪೆಕ್ಟರ್ ಮತ್ತೆ ವ್ಯಾನಿನ ಹತ್ತಿರ ನಡೆದಳು. ಡ್ರೈವರ್ ಸೀಟಿನಲ್ಲಿ ಕೂತು ಪಕ್ಕದ ಬದಿಯ ಕನ್ನಡಿ ನೋಡಿದಳು. ಅದರಲ್ಲಿ ಬರೀ ಆಕಾಶ. ಆಚೆ ಸರಿದು ಪಕ್ಕದ ಸೀಟಿನಲ್ಲಿ ಕೂತಳು. ಈಗ ಅದೇ ಕನ್ನಡಿಯಲ್ಲಿ ಹಿಂದಿನ ದಾರಿ ಪೂರ್ತಿ ಕಂಡಿತು. ಅಷ್ಟು ಕಟ್ಟುನಿಟ್ಟಿನ ಮನುಷ್ಯ, ತನ್ನ ಕನ್ನಡಿಯನ್ನು ಬೇರೆಯವರಿಗೆ ತಿರುಗಿಸಿ ಕೊಟ್ಟಿದ್ದ. ಅವಳು ಬಹಳ ಹೊತ್ತು ಆ ಒದ್ದೆ ಸೀಟಿನಲ್ಲೇ ಕೂತಿದ್ದಳು.

*

“ಕಳ್ಳ ಸಿಕ್ಕಿದ!” ಆಮೆ ಓಡಿಬಂದ. ಅವನು ಓಡಿದ್ದನ್ನು ಇನ್ಸ್‌ಪೆಕ್ಟರ್ ನೋಡಿದ್ದು ಅದೇ ಮೊದಲು. ಕೈಯಲ್ಲಿ ಹಳದಿ ಟೋಪಿ, ಒದ್ದೆ. “ಸತ್ತವರ ಟೋಪಿ ಮೇಡಂ. ಕಾವಲುಗಾರನ ಕೋಣೆಯ ಮೊಳೆಗೆ ನೇತು ಹಾಕಿತ್ತು.”

ಕಾವಲುಗಾರ ಬೋಳುತಲೆಯವನು, ಸಣಕಲ. ಬಟ್ಟೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಮುದುಕನನ್ನು ಎಳೆದು ತರಲು ಮೊದಲು ನೀರಿಗೆ ಹಾರಿದವನು ಅವನೇ.

“ನಾನು ಕದ್ದಿಲ್ಲಮ್ಮ. ಅವರೇ ಹಾಕಿದ್ದು. ಕಟ್ಟೆ ಮೇಲೆ ಮಕ್ಕಳಿಗೆ ಗಾಳ ಕಟ್ಟಿಕೊಡ್ತಿದ್ದೆ. ‘ಬಿಸಿಲಿಗೆ ನಿನ್ನ ಬುರುಡೆ ತಾಮ್ರದ ಚೊಂಬಾಗತ್ತೆ ಕಣಯ್ಯ’ ಅಂತ ನಕ್ಕು, ತಮ್ಮ ಟೋಪಿ ತೆಗೆದು ನನ್ನ ತಲೆಗಿಟ್ರು. ನಾನು ಇಟ್ಕೊಂಡೇ ನೀರಿಗೆ ಹಾರಿದೆ. ಆಮೇಲೆ ವಾಪಸ್ ಯಾರ ಕೈಗೆ ಕೊಡ್ಲಿ? ಒಣಗಲಿ ಅಂತ ಹಾಕಿದೆ.”

“ಟೋಪಿ ಕೊಟ್ಟು ಅವರು ಎಲ್ಲಿಗೆ ಹೋದ್ರು?”

“ಪೊದೆ ಹಿಂದಿನ ದಾರೀಲಿ ವ್ಯಾನಿಗೆ. ‘ನನ್ನವಳಿಗೆ ತಣ್ಣೀರಲ್ಲಿ ಕೈಯಿಟ್ರೆ ಚಳಿ ಹತ್ತತ್ತೆ, ಶಾಲು ತರ್ತೀನಿ’ ಅಂದ್ರು.”

ಇನ್ಸ್‌ಪೆಕ್ಟರ್ ಟೋಪಿಯನ್ನು ಕೈಯಲ್ಲಿ ಹಿಡಿದು, ವ್ಯಾನು ನಿಂತಿದ್ದ ಜಾಗದ ಪಕ್ಕದ ನಲ್ಲಿಯ ಕಡೆ ನೋಡಿದಳು. ಅಲ್ಲಿಂದ ಕಟ್ಟೆಗೆ ಇನ್ನೂರು ಹೆಜ್ಜೆ. ಅಷ್ಟು ದೂರಕ್ಕೆ ಮುಖ ಕಾಣುವುದಿಲ್ಲ. ಹಳದಿ ಬಣ್ಣ ಕಾಣುತ್ತದೆ.

“ಮಗನ ಕೈಗೆ ಕೋಳ ಹಾಕ್ಲಾ ಮೇಡಂ?”

“ಬೇಡ. ಒಂದು ಲೋಟ ಟೀ ತಗೊಂಡು ಬಾ. ಆಮೇಲೆ ಎಲ್ಲರನ್ನೂ ಆ ಕಡೆ ಕರ್ಕೊಂಡು ಹೋಗು.”

*

ಅಜ್ಜಿ ಟೀ ಕುಡಿದಳು. ಎದ್ದು ನಲ್ಲಿಯಲ್ಲಿ ಲೋಟ ತೊಳೆದಳು. ಸೆರಗಿನಿಂದ ಒರೆಸಿ, ಆಮೆ ಎಲ್ಲಿಂದ ತಂದಿದ್ದನೋ ಅದೇ ಮೇಜಿನ ಮೇಲೆ ಬೋರಲು ಹಾಕಿ ಬಂದು ಕೂತಳು. ತನ್ನ ಬದುಕೇ ಮುಳುಗಿದ ದಿನವೂ ಆ ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ.

ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತಳು.

“ಅವರಿಗೆ ಕಣ್ಣು ಯಾವಾಗಿನಿಂದ ಕಾಣ್ತಿರಲಿಲ್ಲ ಅಮ್ಮ?”

ಅಜ್ಜಿ ಬೆಚ್ಚಲಿಲ್ಲ. “ಎರಡು ವರ್ಷ. ಬದಿಯಲ್ಲಿ ಕಾಣತ್ತೆ, ನಡುವೆ ಇಲ್ಲ. ಯಾರಿಗೂ ಹೇಳ್ಬಾರದು ಅಂತ ತಮ್ಮ ತಲೆ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸ್ಕೊಂಡ್ರು. ‘ಸ್ಟೇರಿಂಗ್ ಬಿಡಿಸಿದ ದಿನ ನಾನು ಸತ್ತೆ ಅನ್ಕೋ’ ಅಂದ್ರು. ಅದಕ್ಕೇ ನಾನೇ ಕಣ್ಣಾದೆ.”

“ನಿನ್ನೆ ಸೈಕಲ್?”

“ಸೈಕಲ್ ಮೇಲೆ ಒಂದು ಹುಡುಗಿ ಇದ್ಲು. ನಾನು ಸೀನಿದೆ ಅಷ್ಟೆ. ಒಂದು ಸೀನು. ಅಷ್ಟರಲ್ಲಿ ಅವಳ ಮೈಮೇಲೆ ಹೋಗ್ತಿದ್ರು. ಸ್ಟೇರಿಂಗ್ ಎಳೆದೆ. ಇವತ್ತು ಘಾಟಿ. ಹಿಂದೆ ಮೊಮ್ಮಕ್ಕಳು. ಮಗ ಕೇಳಿದ್ರೆ ಕೀ ಕೊಡಲ್ಲ. ನಾನು ಹೇಳಿದ್ರೆ ಆಣೆ ಮುರಿಯತ್ತೆ.”

“ಗಾಡಿನೇ ಇಲ್ಲದಿದ್ರೆ ಆಣೆನೂ ಉಳಿಯತ್ತೆ, ಮಕ್ಕಳೂ ಉಳೀತಾರೆ ಅನ್ಕೊಂಡ್ರಿ.”

“ಹೂಂ. ಮರ ತೆಗೆದೆ. ಕಿಟಕಿಯಿಂದ ಕೈ ಹಾಕಿ ಗೇರು ಬಿಡಿಸಿ ಬ್ರೇಕ್ ಇಳಿಸಿದೆ. ಅದಕ್ಕೆ ಮುಂಚೆ ಎಣಿಸಿದೆ ಮಗಳೇ. ಮಗ ಟವೆಲ್ ಹಿಡಿದು ಸ್ನಾನದ ಮನೆ ಒಳಗೆ ಹೋದ. ಕಟ್ಟೆ ಮೇಲೆ ಸೊಸೆ, ಮಕ್ಕಳಿಬ್ಬರು, ಹಳದಿ ಟೋಪಿ. ಸರಿಯಾಗೇ ಎಣಿಸಿದ್ದೆ.”

ಮರವನ್ನು ಹುಲ್ಲಲ್ಲೇ ಬಿಟ್ಟಿದ್ದರೆ ಎಲ್ಲರೂ ಮಗನ ಮರೆವು ಎನ್ನುತ್ತಿದ್ದರು. ಒರೆಸಿ ಒಳಗಿಟ್ಟ ಕೈ ಅವಳದೊಂದೇ. ಮಗನನ್ನು ಉಳಿಸಿದ್ದೂ, ಅವಳನ್ನು ಹಿಡಿದುಕೊಟ್ಟದ್ದೂ ಆ ಕೈಯೇ. ಇನ್ಸ್‌ಪೆಕ್ಟರ್ ಇದನ್ನೆಲ್ಲ ಮೆಲ್ಲಗೆ ವಿವರಿಸಿದಳು. ಡ್ರೈವರ್ ಸೀಟಿನ ಹಿಂದಿನ ಪರದೆ ಮುಚ್ಚಿತ್ತು, ಮುದುಕ ಆಚೆ ಬಾಗಿಲಿನಿಂದ ಒಳಗೆ ಹೋಗಿದ್ದ, ಇವಳಿಗೆ ತಿಳಿಯಲು ದಾರಿಯೇ ಇರಲಿಲ್ಲ ಎಂದಳು. ಕಟ್ಟೆಯ ಮೇಲಿನ ಹಳದಿ ಟೋಪಿ ಆಗ ಕಾವಲುಗಾರನ ತಲೆಯ ಮೇಲಿತ್ತು ಎಂಬುದನ್ನೂ ಹೇಳಿದಳು.

“ಇದನ್ನ ನಾನು ಕೊಲೆ ಅಂತ ಬರೆಯಲ್ಲಮ್ಮ. ಆದರೆ ಬರೆಯದೇ ಇರೋಕೆ ನನಗೆ ಆಗಲ್ಲ.”

“ಬರಿ. ಮಗನ ಮೇಲೆ ಬರಬಾರದು, ಅಷ್ಟೆ.” ಅಜ್ಜಿ ಸೆರಗಿನ ತುದಿಯಿಂದ ಕೈ ಒರೆಸಿಕೊಂಡಳು. “ಎರಡು ವರ್ಷ ಅವರಿಗೆ ಕಣ್ಣಾಗಿದ್ದೆ. ಒಂದು ಸಲವೂ ತಪ್ಪು ಹೇಳಿರಲಿಲ್ಲ. ಅವರು ಒಳಗೆ ಯಾಕೆ ಹೋದ್ರು?”

ಇಪ್ಪತ್ತು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರ್ ಸಾಕ್ಷಿಗಳಿಗೆ ಸುಳ್ಳು ಹೇಳಿದ್ದಿಲ್ಲ.

“ಮಾತ್ರೆ ತಗೊಳ್ಳೋಕೆ ಅಂತ ಕಾಣತ್ತೆ.”

ಅಜ್ಜಿ ಇನ್ಸ್‌ಪೆಕ್ಟರ್ ಕಾಲ ಬಳಿಯಿದ್ದ ಸಾಕ್ಷ್ಯದ ಚೀಲದತ್ತ ನೋಡಿದಳು. ಅಂಚಿನಲ್ಲಿ ನೀಲಿ ಉಣ್ಣೆ ಕಾಣುತ್ತಿತ್ತು.

“ನಂಗೆ ಚಳಿ ಆಗ್ತಿತ್ತು,” ಎಂದಳು.

ಇನ್ಸ್‌ಪೆಕ್ಟರ್ ಅವಳ ಕೈ ಹಿಡಿದುಕೊಂಡಳು. ಕೈ ಇನ್ನೂ ತಣ್ಣಗಿತ್ತು.

*

ಮಗನಿಗೆ ಇನ್ಸ್‌ಪೆಕ್ಟರೇ ಎಲ್ಲವನ್ನೂ ಹೇಳಿದಳು. ಅವನು ತಾಯಿಯ ಮುಂದೆ ಬಂದು ನಿಂತ. ಬೈಯಲೂ ಆಗದೆ ಅಪ್ಪಿಕೊಳ್ಳಲೂ ಆಗದೆ, ಕೊನೆಗೆ ಅವಳ ಚಪ್ಪಲಿಗೆ ಹತ್ತಿದ ಬಿಳಿ ಜೇಡಿಯನ್ನು ತನ್ನ ಟವೆಲಿನಿಂದ ಒರೆಸಿದ. ಒರೆಸಿದ ಟವೆಲನ್ನು ಮಡಿಚಿ ಹೆಗಲಿಗೆ ಹಾಕಿಕೊಂಡ.

ಜೀಪಿನ ಹಿಂದಿನ ಬಾಗಿಲನ್ನು ಆಮೆ ತೆರೆದು ನಿಂತಿದ್ದ. ಅಜ್ಜಿ ಅದನ್ನು ನೋಡದೆ ಮುಂದೆ ಹೋಗಿ ಡ್ರೈವರ್ ಪಕ್ಕದ ಸೀಟು ಹತ್ತಿದಳು. ಆಮೆ ಇನ್ಸ್‌ಪೆಕ್ಟರ್ ಮುಖ ನೋಡಿದ. ಅವಳು ತಲೆಯಾಡಿಸಿ ತಾನೇ ಹಿಂದೆ ಕೂತಳು.

ಆಮೆ ಜೀಪ್ ಶುರು ಮಾಡಿದ. ದಡದ ಹಾದಿ ಮುಗಿದು ದೊಡ್ಡ ರಸ್ತೆ ಬಂತು. ಅವನು ಎಂದಿನಂತೆ ನಿಲ್ಲಿಸಿ ಹಿಂದೆ ಮುಂದೆ ನೋಡತೊಡಗಿದ.

ಅಜ್ಜಿ ಪಕ್ಕದ ಕನ್ನಡಿಯತ್ತ ಬಾಗಿದಳು.

“ಹಿಂದೆ ಯಾರೂ ಇಲ್ಲ,” ಎಂದಳು. “ತಗೊಳ್ಳಿ.”